ಪೆಲ್ವಿಸ್ ಮೂಳೆಯ ಗಡ್ಡೆ: ರಿಪೋರ್ಟಲ್ಲಿ "ಬಿನೈನ್ ಇರಬಹುದು" ಅಂತಿದ್ದರೆ ಡಿ16.8 ಹಾಕಬಹುದಾ?

ಹೊಸಬಳು_ತುಮಕೂರು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಆಸ್ಪತ್ರೆಯೊಂದರ ರೇಡಿಯಾಲಜಿ ಚಾರ್ಟ್ ಕೋಡ್ ಮಾಡುವ (ರಿಪೋರ್ಟ್ ಓದಿ ರೋಗಕ್ಕೆ ಕೋಡ್ ಹಾಕುವ) ಟೀಮಿಗೆ ಹೊಸದಾಗಿ ಸೇರಿದ್ದೇನೆ. ಕೋಡಿಂಗ್ ಪರೀಕ್ಷೆ ಸಿಪಿಸಿ ಪಾಸಾಗಿದೆ. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ, ಇಲ್ಲಿ ಒಂದೂ ಇಲ್ಲ, ಅದೇ ಕಷ್ಟ.

ಚಾರ್ಟ್ ಹೀಗಿದೆ. ಔಟ್‌ಪೇಷಂಟ್ ಸಿಟಿ ಸ್ಕ್ಯಾನ್. ಬರೆದುಕೊಟ್ಟ ಕಾರಣ ಬಲ ಹಿಪ್ ನೋವು. ಇಂಪ್ರೆಷನ್‌ನಲ್ಲಿ (ರಿಪೋರ್ಟಿನ ಸಾರಾಂಶ) ಇರುವುದು: ಬಲ ಇಲಿಯಾಕ್ ವಿಂಗ್‌ನಲ್ಲಿ (ಪೆಲ್ವಿಸ್‌ನ ಇಲಿಯಂ ಮೂಳೆಯ ಅಗಲ ಭಾಗ) ಉಬ್ಬಿದ ಲೈಟಿಕ್ ಲೀಷನ್ (ಮೂಳೆ ಕರಗಿದಂತೆ ಕಾಣುವ ಜಾಗ), ಬಿನೈನ್ (ಕ್ಯಾನ್ಸರ್ ಅಲ್ಲದ್ದು) ಇರುವ ಸಾಧ್ಯತೆ ಹೆಚ್ಚು, ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಅಥವಾ ಜೈಂಟ್ ಸೆಲ್ ಟ್ಯೂಮರ್ ಇರಬಹುದು, ಬಯಾಪ್ಸಿ ಮಾಡಿಸಿ.

ಪಕ್ಕದ ಸೀಟಿನ ಸೀನಿಯರ್ "ಇಲಿಯಂ, ಬಿನೈನ್, ಇನ್ನೇನು ಬೇಕು? ಡಿ16.8 ಹಾಕು" ಅಂದರು. ಅದು ಪೆಲ್ವಿಸ್ ಮೂಳೆಯ ಬಿನೈನ್ ಗಡ್ಡೆಯ ಕೋಡ್. ಹಾಕಿದೆ. ಕ್ಯೂಎ (ಕೋಡ್ ಪರಿಶೀಲಿಸುವ ಟೀಮ್) ಎರರ್ ಕೊಟ್ಟಿದೆ. ಕಾಮೆಂಟ್‌ನಲ್ಲಿ "ಅನ್‌ಸರ್ಟನ್ ಡಯಾಗ್ನೋಸಿಸ್" ಅಂತ ಎರಡೇ ಪದ. ಹಾಗಾದರೆ ಡಿ48.0 (ಮೂಳೆಯ ಅನ್‌ಸರ್ಟನ್ ಬಿಹೇವಿಯರ್ ಗಡ್ಡೆ) ಹಾಕಬೇಕಿತ್ತಾ? ಅದರ ಹೆಸರಲ್ಲೇ ಅನ್‌ಸರ್ಟನ್ ಅಂತ ಇದೆಯಲ್ಲ?

ಆಡಿಟ್_ಅಕ್ಕ

ಕ್ಯೂಎ ಸರಿ ಇದೆ ಮರಿ. ಆದರೆ ಎರಡು ಪದದಲ್ಲಿ ಬಿಟ್ಟಿದ್ದು ಸರಿಯಿಲ್ಲ. ಹೊಸಬರಿಗೆ ಅದರಿಂದ ಇನ್ನೊಂದು ಎರರ್ ಹುಟ್ಟುತ್ತದೆ. ನೀವು ಈಗ ಕೇಳಿದ ಡಿ48.0 ಅದೇ.

ಮೊದಲು ಡಿ16.8 ಯಾಕೆ ಆಗಲ್ಲ ಅಂತ. ಐಸಿಡಿ-10-ಸಿಎಂ (ರೋಗಗಳ ಕೋಡ್ ಪಟ್ಟಿಯ ಅಮೆರಿಕದ ಆವೃತ್ತಿ) ಗೈಡ್‌ಲೈನ್ಸ್, ಸೆಕ್ಷನ್ 4, ಎಚ್ ತೆಗೆದು ಓದಿ. ಔಟ್‌ಪೇಷಂಟ್‌ನಲ್ಲಿ ಪ್ರಾಬಬಲ್, ಸಸ್ಪೆಕ್ಟೆಡ್, ಕ್ವೆಶ್ಚನಬಲ್, ರೂಲ್ ಔಟ್, ಕಂಪ್ಯಾಟಿಬಲ್ ವಿತ್, ಕನ್ಸಿಸ್ಟೆಂಟ್ ವಿತ್, ವರ್ಕಿಂಗ್ ಡಯಾಗ್ನೋಸಿಸ್ ಅಥವಾ ಅಂಥದ್ದೇ ಅನುಮಾನದ ಮಾತು ಇದ್ದರೆ ಆ ರೋಗವನ್ನು ಕೋಡ್ ಮಾಡುವಂತಿಲ್ಲ. ಆ ಭೇಟಿಯಲ್ಲಿ ಎಷ್ಟು ಖಚಿತವಾಗಿ ಗೊತ್ತಿತ್ತೋ ಅಷ್ಟಕ್ಕೆ ಮಾತ್ರ ಕೋಡ್. "ಸಾಧ್ಯತೆ ಹೆಚ್ಚು" ಅನ್ನೋದು ಅನುಮಾನವೇ. ನೂರಕ್ಕೆ ತೊಂಬತ್ತು ಇರಬಹುದು, ಆದರೂ ಅನುಮಾನವೇ.

ಇನ್ನು ಡಿ48.0. ಅಲ್ಲಿನ ಅನ್‌ಸರ್ಟನ್ ಬಿಹೇವಿಯರ್ ಅನ್ನೋದು ಪೆಥಾಲಜಿಸ್ಟ್ (ಬಯಾಪ್ಸಿ ತುಣುಕು ಪರೀಕ್ಷಿಸುವ ಡಾಕ್ಟರು) ಹೇಳುವ ಮಾತು. ಸ್ಲೈಡ್ ನೋಡಿ ಆದ ಮೇಲೆ, ಇದು ಮುಂದೆ ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳಲಿಕ್ಕೆ ಆಗಲ್ಲ ಅಂತ ಅವರೇ ಬರೆದಿರಬೇಕು, ಇಲ್ಲವೇ ಕೋಡ್ ಪುಸ್ತಕದ ಇಂಡೆಕ್ಸೇ (ರೋಗದ ಹೆಸರುಗಳ ಪಟ್ಟಿ) ಆ ಗಡ್ಡೆಯನ್ನು ಅಲ್ಲಿಗೆ ಕಳಿಸಿರಬೇಕು. ನಮಗೆ ಗೊತ್ತಾಗಿಲ್ಲ, ರೇಡಿಯಾಲಜಿಸ್ಟ್‌ಗೂ ಗೊತ್ತಾಗಿಲ್ಲ ಅನ್ನೋ ಕಾರಣಕ್ಕೆ ಅಲ್ಲಿಗೆ ಹೋಗಬಾರದು. "ಟ್ಯೂಮರ್" ಅಥವಾ "ನಿಯೋಪ್ಲಾಸಂ" ಅಂತ ಖಚಿತವಾಗಿ ಬರೆದು, ಯಾವ ಬಗೆ ಅಂತ ಬರೆಯದೇ ಇದ್ದರೆ ಡಿ49.2. ನಿಮ್ಮ ಚಾರ್ಟಲ್ಲಿ ಖಚಿತವಾಗಿ ಇರುವುದು "ಲೀಷನ್" ಒಂದೇ. ಲೀಷನ್ ಅಂದರೆ ನಿಯೋಪ್ಲಾಸಂ ಅಂತ ಅರ್ಥ ಅಲ್ಲ. ಹಾಗಾಗಿ ನಿಯೋಪ್ಲಾಸಂ ಟೇಬಲ್ (ಗಡ್ಡೆಗಳ ಕೋಡ್ ಪಟ್ಟಿ) ತೆರೆಯುವುದೇ ಬೇಡ.

ಇಂಡೆಕ್ಸ್‌ನಲ್ಲಿ ಲೀಷನ್, ಬೋನ್ ನೋಡಿ. ಡಿಸಾರ್ಡರ್, ಬೋನ್ ಕಡೆ ಕಳಿಸುತ್ತದೆ. ಅಲ್ಲಿಂದ ಎಂ89, ಅಂದರೆ ಮೂಳೆಯ ಇತರ ತೊಂದರೆಗಳು. ಜೊತೆಗೆ ಬಲ ಹಿಪ್ ನೋವಿಗೆ ಎಂ25.551.

ಕಡಲಬದಿ_ಕೋಡರ್

ಒಂದು ಮಾತು ಮಾರಾಯ್ರೇ. ರೇಡಿಯಾಲಜಿಸ್ಟ್ ಕೂಡ ಡಾಕ್ಟರೇ ಅಲ್ವಾ? ಔಟ್‌ಪೇಷಂಟ್‌ನಲ್ಲಿ ಅವರ ಇಂಟರ್‌ಪ್ರಿಟೇಷನ್‌ನಿಂದ ಕೋಡ್ ಮಾಡಬಹುದು ಅಂತ ಎಲ್ಲರಿಗೂ ಗೊತ್ತು. ಹಾಗಿದ್ದ ಮೇಲೆ ಸೀನಿಯರ್ ಹೇಳಿದ್ದರಲ್ಲಿ ಪೂರ್ತಿ ತಪ್ಪು ಅಂತ ಏನಿದೆ?

ಆಡಿಟ್_ಅಕ್ಕ

ರೇಡಿಯಾಲಜಿಸ್ಟ್ ಬರೆದದ್ದನ್ನು ಕೋಡ್ ಮಾಡಬಹುದು. ಅವರು ಅನುಮಾನ ಬರೆದಿದ್ದರೆ ಅನುಮಾನವೇ ಉಳಿಯುತ್ತದೆ. ಅದೇ ರಿಪೋರ್ಟಲ್ಲಿ "ಬಲ ಇಲಿಯಂನ ಆಸ್ಟಿಯೋಕಾಂಡ್ರೋಮಾ" (ಒಂದು ಬಿನೈನ್ ಮೂಳೆ ಗಡ್ಡೆ) ಅಂತ ಅಡ್ಡಮಾತಿಲ್ಲದೆ ಇದ್ದಿದ್ದರೆ ಬಯಾಪ್ಸಿಗೆ ಕಾಯದೆ ಡಿ16.8 ಹಾಕಬಹುದಿತ್ತು.

ನೈಟ್‌ಶಿಫ್ಟ್_ಗೌಡ

ಎಂ89ರಲ್ಲಿ ಯಾವುದು ಅಂತ ಅಕ್ಕ ಹೇಳಲಿಲ್ಲ, ಬೇಕಂತಲೇ ಜಾರಿಕೊಂಡರು ಅನಿಸುತ್ತದೆ :) ಎಂ89.9 ಅಂದರೆ ಅನ್‌ಸ್ಪೆಸಿಫೈಡ್. ಎಂ89.8ಎಕ್ಸ್8 ಅಂದರೆ ಅದರ್ ಸ್ಪೆಸಿಫೈಡ್, ಅದರ್ ಸೈಟ್. ನಮ್ಮ ಫ್ಲೋರಲ್ಲಿ ಈ ವಿಷಯಕ್ಕೆ ಎರಡು ಪಂಗಡ ಇದೆ. ಲೈಟಿಕ್ ಅಂತ ಬರೆದ ಮೇಲೆ ಅದು ಸ್ಪೆಸಿಫೈಡ್ ಆಯಿತು ಅಂತ ಒಂದು ಪಂಗಡ. ಲೈಟಿಕ್ ಅನ್ನೋದು ಕಾಣುವ ರೀತಿ, ರೋಗದ ಹೆಸರಲ್ಲ ಅಂತ ಇನ್ನೊಂದು.

ಆಡಿಟ್_ಅಕ್ಕ

ಜಾರಿಕೊಂಡದ್ದು ನಿಜ. ಕ್ಲೈಂಟ್‌ನ ಕೋಡಿಂಗ್ ಪಾಲಿಸಿ ಏನು ಹೇಳುತ್ತದೋ ಅದನ್ನೇ ಹಿಡಿಯಿರಿ. ನನ್ನನ್ನು ಕೇಳಿದರೆ ಎಂ89.8ಎಕ್ಸ್8, ಯಾಕೆಂದರೆ ಡಾಕ್ಟರು ಬರೆದ ವಿವರ ಕಳೆದುಹೋಗಬಾರದು. ಇದರ ಬಗ್ಗೆ ಗಂಟೆಗಟ್ಟಲೆ ವಾದ ಮಾಡಬೇಡಿ. ಪ್ರೊಡಕ್ಷನ್ ಟಾರ್ಗೆಟ್ ಯಾರಪ್ಪನ ಮನೆಯದ್ದೂ ಅಲ್ಲ.

ಮೂಳೆವೈದ್ಯ_ಹುಬ್ಬಳ್ಳಿ

ನಾನು ಕೋಡರ್ ಅಲ್ಲ, ಆರ್ಥೋ ವಿಭಾಗದವನು. ನನ್ನ ತಂಗಿ ನಿಮ್ಮ ಕೆಲಸದಲ್ಲಿದ್ದಾಳೆ, ಅವಳು ಈ ಚರ್ಚೆ ತೋರಿಸಿದಳು. ರೇಡಿಯಾಲಜಿಸ್ಟ್ ಯಾಕೆ ಇಷ್ಟು ಹಿಂಜರಿಯುತ್ತಾರೆ ಅಂತ ಕೋಡ್ ಮಾಡುವವರಿಗೂ ಗೊತ್ತಿದ್ದರೆ ಒಳ್ಳೆಯದು ಅನಿಸಿತು, ಅದಕ್ಕೆ ಬರೆಯುತ್ತಿದ್ದೇನೆ ನೋಡ್ರಿ.

ಪೆಲ್ವಿಸ್ ಮೋಸದ ಜಾಗ. ಕೈಬೆರಳಲ್ಲಿ ಗಡ್ಡೆ ಬಂದರೆ ಸಣ್ಣದಿದ್ದಾಗಲೇ ಕಣ್ಣಿಗೆ ಬೀಳುತ್ತದೆ. ಪೆಲ್ವಿಸ್‌ನಲ್ಲಿ ಸುತ್ತ ದಪ್ಪ ಸ್ನಾಯು, ಒಳಗೆ ಬೇಕಾದಷ್ಟು ಜಾಗ. ಗಡ್ಡೆ ದೊಡ್ಡದಾಗುವವರೆಗೆ ರೋಗಿಗೆ ಗೊತ್ತೇ ಆಗುವುದಿಲ್ಲ. ಸೊಂಟ ನೋವು ಅಂತ ಎಣ್ಣೆ ಹಚ್ಚಿಕೊಂಡು ತಿಂಗಳುಗಟ್ಟಲೆ ಇದ್ದು ಬಿಡುತ್ತಾರೆ.

ಕಾರ್ಟಿಲೇಜ್ (ಮೃದ್ವಸ್ಥಿ) ಗಡ್ಡೆಗಳದ್ದು ಇನ್ನೂ ಗಂಭೀರ. ಕೈಬೆರಳ ಮೂಳೆಯಲ್ಲಿ ಎನ್‌ಕಾಂಡ್ರೋಮಾ (ಬಿನೈನ್ ಕಾರ್ಟಿಲೇಜ್ ಗಡ್ಡೆ) ಅಂದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಥರದ್ದು ಇಲಿಯಂನಲ್ಲಿ ಕಂಡರೆ ಕಾಂಡ್ರೋಸಾರ್ಕೋಮಾ (ಕಾರ್ಟಿಲೇಜ್ ಕ್ಯಾನ್ಸರ್) ಅಲ್ಲ ಅಂತ ಖಾತ್ರಿ ಆಗುವವರೆಗೆ ಸಮಾಧಾನ ಇಲ್ಲ. 2020ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಮೂಳೆ ಗಡ್ಡೆಗಳ ವರ್ಗೀಕರಣದಲ್ಲಿ ಇದು ಸ್ಪಷ್ಟವಾಗಿದೆ. ಕೈಕಾಲಿನ ಉದ್ದ ಮೂಳೆಯಲ್ಲಿದ್ದರೆ "ಎಟಿಪಿಕಲ್ ಕಾರ್ಟಿಲಾಜಿನಸ್ ಟ್ಯೂಮರ್". ಸ್ಲೈಡಲ್ಲಿ ಅದೇ ಥರ ಕಾಣುವ ಗಡ್ಡೆ ಪೆಲ್ವಿಸ್‌ನಲ್ಲಿದ್ದರೆ "ಕಾಂಡ್ರೋಸಾರ್ಕೋಮಾ ಗ್ರೇಡ್ 1". ಜಾಗ ಬದಲಾದರೆ ಹೆಸರೇ ಬದಲಾಗುತ್ತದೆ, ಯಾಕೆಂದರೆ ಪೆಲ್ವಿಸ್‌ನಲ್ಲಿ ಅದರ ನಡವಳಿಕೆ ಕೆಟ್ಟದ್ದು, ಪೂರ್ತಿ ತೆಗೆಯುವುದೂ ಕಷ್ಟ.

ಆಸ್ಟಿಯೋಕಾಂಡ್ರೋಮಾದಲ್ಲೂ ಅಷ್ಟೇ. ಎಂಆರ್‌ಐನಲ್ಲಿ ಅದರ ಮೇಲಿನ ಕಾರ್ಟಿಲೇಜ್ ಟೋಪಿಯ ದಪ್ಪ ಅಳೆಯುತ್ತೇವೆ. ಬೆಳವಣಿಗೆ ನಿಂತ ದೊಡ್ಡವರಲ್ಲಿ ಅದು 2 ಸೆಂ.ಮೀ. ದಾಟಿದರೆ ಕ್ಯಾನ್ಸರ್‌ಗೆ ತಿರುಗಿದೆಯಾ ಅಂತ ನೋಡಲೇಬೇಕು. ಹಾಗಾಗಿ ರಿಪೋರ್ಟಲ್ಲಿ "ಲೋ ಗ್ರೇಡ್ ಕಾರ್ಟಿಲಾಜಿನಸ್ ಲೀಷನ್, ಇಲಿಯಂ" ಅಂತ ಕಂಡರೆ ಲೋ ಗ್ರೇಡ್ ಅಂದರೆ ಬಿನೈನ್ ಅಂತ ದಯವಿಟ್ಟು ತಿಳಿಯಬೇಡಿ. ರೋಗಿಯ ಫೈಲಲ್ಲಿ ಒಮ್ಮೆ ಬಿನೈನ್ ಅಂತ ಕೂತರೆ ಮುಂದಿನ ಡಾಕ್ಟರ್ ಅದನ್ನೇ ನೋಡುತ್ತಾರೆ.

ಹೊಸಬಳು_ತುಮಕೂರು

ಸರ್, ತುಂಬಾ ಉಪಕಾರ. ಹಾಗಾದರೆ ಪೆಥಾಲಜಿಸ್ಟ್ ಕಾಂಡ್ರೋಸಾರ್ಕೋಮಾ ಗ್ರೇಡ್ 1 ಅಂತ ಬರೆದರೆ ಸಿ41.4 ಅಲ್ವಾ? ಗ್ರೇಡ್ 1 ಆದರೂ?

ಆಡಿಟ್_ಅಕ್ಕ

ಹೌದು, ಸಿ41.4. ಸಾರ್ಕೋಮಾ ಅಂದರೆ ಸಾರ್ಕೋಮಾ, ಗ್ರೇಡ್ ಎಷ್ಟಾದರೂ ಇರಲಿ. ಪೆಲ್ವಿಸ್, ಸೇಕ್ರಂ, ಕಾಕ್ಸಿಕ್ಸ್‌ನ ಪ್ರೈಮರಿ ಮ್ಯಾಲಿಗ್ನೆನ್ಸಿಗೆ (ಅಲ್ಲೇ ಹುಟ್ಟಿದ ಕ್ಯಾನ್ಸರ್) ಅದೇ. ಬೇರೆ ಕಡೆಯಿಂದ ಹರಡಿದ್ದಾದರೆ ಸಿ79.51. ಪೆಲ್ವಿಸ್ ಮೂಳೆಯಲ್ಲಿ "ಅಡಿನೋಕಾರ್ಸಿನೋಮಾ" ಅಂತ ಬಂದರೆ ಅದು ಅಲ್ಲೇ ಹುಟ್ಟಿದ್ದಲ್ಲ, ಮೂಲ ಬೇರೆ ಕಡೆ ಇದೆ ಅಂತ ತಿಳಿದು ಸಿ79.51 ಕಡೆ ಹೋಗಬೇಕು.

ಈಗ ಡಿ16.8 ಬಗ್ಗೆಯೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಈ ಕೋಡ್ ಹುಡುಕುವುದು ಸುಲಭ. ಅದರೊಳಗೆ ಏನು ಬರಲ್ಲ ಅಂತ ತಿಳಿಯುವುದೇ ನಿಜವಾದ ಕೆಲಸ.

ಇದರ ವ್ಯಾಪ್ತಿ ಇಲಿಯಂ, ಇಶಿಯಂ, ಪ್ಯೂಬಿಸ್, ಅಸಿಟ್ಯಾಬುಲಂ, ಸೇಕ್ರಂ, ಕಾಕ್ಸಿಕ್ಸ್. ನಾಲ್ಕೇ ಅಕ್ಷರದ ಕೋಡ್, ಎಡ ಬಲ ಇಲ್ಲ. ಮುಂದೆ ಎಕ್ಸ್ ಸೇರಿಸಬೇಡಿ, ಕ್ಲೇಮ್ ಬಾಗಿಲಲ್ಲೇ ವಾಪಸ್ ಬರುತ್ತದೆ. ಪಕ್ಕದ ಡಿ16.2ರಲ್ಲಿ, ಅಂದರೆ ತೊಡೆ ಮತ್ತು ಕಾಲಿನ ಉದ್ದ ಮೂಳೆಗಳಲ್ಲಿ, ಎಡ ಬಲ ಇದೆ. ಅದಕ್ಕೇ "ಹಿಪ್ ಲೀಷನ್" ಅಂತ ಬರೆದಿದ್ದರೆ ಅಸಿಟ್ಯಾಬುಲಂ ಕಡೆಯದ್ದೋ ಫೀಮರ್ ತಲೆಯದ್ದೋ ಅಂತ ರಿಪೋರ್ಟ್ ಪೂರ್ತಿ ಓದಿ. ಹಿಪ್ ಜಾಯಿಂಟ್ ಒಂದೇ, ಮೂಳೆ ಎರಡು, ಕೋಡೂ ಎರಡು.

ಸೇಕ್ರಂ ಬೆನ್ನುಮೂಳೆಯದ್ದೇ ಭಾಗ ಅಂತ ಡಿ16.6 ಹಾಕುವವರಿದ್ದಾರೆ. ಡಿ16.6ರ ಕೆಳಗೆ ಎಕ್ಸ್‌ಕ್ಲೂಡ್ಸ್1 ನೋಟ್ ಇದೆ, ಸೇಕ್ರಂ ಮತ್ತು ಕಾಕ್ಸಿಕ್ಸ್ ಡಿ16.8ಕ್ಕೆ ಅಂತ. ಟ್ಯಾಬ್ಯುಲರ್ (ಕೋಡುಗಳ ಪೂರ್ತಿ ಪಟ್ಟಿ) ತೆರೆಯದೆ ಇಂಡೆಕ್ಸ್‌ನಲ್ಲೇ ಮುಗಿಸುವವರಿಗೆ ಇದು ಕಾಣುವುದಿಲ್ಲ.

ಒಳಗೆ ಬರುವ ಹೆಸರುಗಳು ನಿಮಗೆ ಗೊತ್ತಿರುವುದೇ: ಆಸ್ಟಿಯೋಕಾಂಡ್ರೋಮಾ, ಆಸ್ಟಿಯಾಯ್ಡ್ ಆಸ್ಟಿಯೋಮಾ, ಆಸ್ಟಿಯೋಬ್ಲಾಸ್ಟೋಮಾ, ಕಾಂಡ್ರೋಬ್ಲಾಸ್ಟೋಮಾ, ಕಾಂಡ್ರೋಮಿಕ್ಸಾಯ್ಡ್ ಫೈಬ್ರೋಮಾ.

ಎಕ್ಸೋಸ್ಟೋಸಿಸ್ (ಮೂಳೆಯ ಮೇಲೆ ಬೆಳೆದ ಉಬ್ಬು) ಅಂತ ಬರೀ ಒಂದು ಪದ ಇದ್ದರೆ ಸೀದಾ ಡಿ16ಕ್ಕೆ ಹಾರಬೇಡಿ. ಇಂಡೆಕ್ಸ್‌ನಲ್ಲಿ "ಕಾರ್ಟಿಲಾಜಿನಸ್" ಅನ್ನೋ ಉಪಸಾಲು ಮಾತ್ರ ಬೋನ್, ಬಿನೈನ್‌ಗೆ ಕಳಿಸುತ್ತದೆ. ಹುಟ್ಟಿನಿಂದ ಬಂದ, ಮೈಯೆಲ್ಲಾ ಹಲವು ಎಕ್ಸೋಸ್ಟೋಸಿಸ್ ಇರುವ ರೋಗಕ್ಕೆ ಕ್ಯೂ78.6. ಮನೆಯಲ್ಲಿ ಅಪ್ಪನಿಗೆ, ಮಗನಿಗೆ ಎಲ್ಲ ಇರುವ ರೋಗ ಅದು.

ಹೊರಗಿರುವವು ಜಾಸ್ತಿ, ಎಲ್ಲರೂ ಎಡವುವುದೂ ಇಲ್ಲೇ. ಫೈಬ್ರಸ್ ಡಿಸ್‌ಪ್ಲೇಸಿಯಾ ಒಂದೇ ಮೂಳೆಯಲ್ಲಿದ್ದರೆ ಎಂ85.0, ಪೆಲ್ವಿಸ್ ಆದರೆ ಎಂ85.08. ಹಲವು ಮೂಳೆಯಲ್ಲಿದ್ದರೆ ಕ್ಯೂ78.1. ನಾನ್ ಆಸಿಫೈಯಿಂಗ್ ಫೈಬ್ರೋಮಾ ಹೆಸರಲ್ಲೇ "ಓಮಾ" ಇದ್ದರೂ ಇಂಡೆಕ್ಸ್ ಅದನ್ನು ಫೈಬ್ರಸ್ ಡಿಸ್‌ಪ್ಲೇಸಿಯಾ ಕಡೆ ತಳ್ಳುತ್ತದೆ. ಮೂಳೆಯೊಳಗಿನ ಹೆಮಾಂಜಿಯೋಮಾ (ರಕ್ತನಾಳದ ಗಡ್ಡೆ) ಡಿ18.09, ಅದು ಸೇಕ್ರಂನಲ್ಲಿದ್ದರೂ ಡಿ16.8 ಅಲ್ಲ. ಓಲಿಯರ್ ಮತ್ತು ಮಫೂಚಿ ಕಾಯಿಲೆ ಕ್ಯೂ78.4. ಹೆರಿಗೆ ಆದ ಹೆಂಗಸರ ಎಕ್ಸ್‌ರೇಯಲ್ಲಿ ಇಲಿಯಂ ಬೆಳ್ಳಗೆ ಕಾಣುವ ಆಸ್ಟಿಯೈಟಿಸ್ ಕಂಡೆನ್ಸನ್ಸ್ ಗಡ್ಡೆಯೇ ಅಲ್ಲ, ಅದು ಎಂ85.3. ಬೋನ್ ಐಲ್ಯಾಂಡ್ (ಮೂಳೆಯೊಳಗಿನ ಗಟ್ಟಿ ಚುಕ್ಕೆ) ಕೂಡ ನಿಯೋಪ್ಲಾಸಂ ಅಲ್ಲ. ದಿನಕ್ಕೆ ಹತ್ತು ಪೆಲ್ವಿಸ್ ಸಿಟಿ ಬಂದರೆ ಒಂದರಲ್ಲಾದರೂ ಇರುತ್ತದೆ, ಅದಕ್ಕೆಲ್ಲ ಡಿ16.8 ಹಾಕುತ್ತಾ ಹೋದರೆ ಅಮೆರಿಕದವರಿಗೆಲ್ಲ ಮೂಳೆ ಗಡ್ಡೆ ಬಂದಂತೆ.

ಇನ್ನೊಂದು ಇದೆ, ಅದು ಎಲ್ಲರಿಗೂ ಆಶ್ಚರ್ಯ. ಮಕ್ಕಳ ಇಲಿಯಂನಲ್ಲಿ ಬರುವ ಈಸಿನೋಫಿಲಿಕ್ ಗ್ರಾನ್ಯುಲೋಮಾ. ಎಷ್ಟೋ ಸಲ ತಾನೇ ವಾಸಿಯಾಗುತ್ತದೆ. ಕೋಡ್ ಮಾತ್ರ ಸಿ96.6, ಅಂದರೆ ಕ್ಯಾನ್ಸರ್‌ಗಳ ಸಿ ಸಾಲಿನಲ್ಲಿ. ಅಪ್ಪ ಅಮ್ಮ ಪೋರ್ಟಲ್‌ನಲ್ಲಿ ನೋಡಿ ಗಾಬರಿಯಾಗುವುದೂ ಉಂಟು.

ಕಡಲಬದಿ_ಕೋಡರ್

ಅಕ್ಕ, ಇದನ್ನು ಪ್ರಿಂಟ್ ತೆಗೆದು ಮಾನಿಟರ್ ಪಕ್ಕ ಅಂಟಿಸ್ತೇನೆ. ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಮಾತ್ರ ಬಿಟ್ಟಿದ್ದೀರಿ.

ಆಡಿಟ್_ಅಕ್ಕ

ಬೇಕಂತಲೇ ಬಿಟ್ಟೆ, ಡಾಕ್ಟರು ಜಗಳಕ್ಕೆ ಬರುತ್ತಾರೆ ಅಂತ. ಅದು ಎಂ85.5.

ಮೂಳೆವೈದ್ಯ_ಹುಬ್ಬಳ್ಳಿ

ಬಂದೆ ನೋಡ್ರಿ! ಪ್ರೈಮರಿ ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಬರೀ ಸಿಸ್ಟ್ ಅಲ್ಲ. ಬಹುಪಾಲು ಕೇಸುಗಳಲ್ಲಿ ಯುಎಸ್‌ಪಿ6 ಅನ್ನೋ ಜೀನ್ ಜಾಗ ಬದಲಿಸಿರುತ್ತದೆ. ಅಂದರೆ ಅದು ನಿಜವಾದ ಗಡ್ಡೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೂ ಅದನ್ನು ಬಿನೈನ್ ಗಡ್ಡೆಗಳ ಜೊತೆಗೇ ಇಟ್ಟಿದೆ. ಪೆಲ್ವಿಸ್‌ನಲ್ಲಿ ಬಂದಾಗ ರಕ್ತ ಹರಿಯುವುದನ್ನು ನೋಡಿದರೆ ಯಾರೂ ಅದನ್ನು ಸಿಸ್ಟ್ ಅನ್ನುವುದಿಲ್ಲ. ಆಪರೇಷನ್‌ಗೆ ಮೊದಲು ರಕ್ತನಾಳ ಮುಚ್ಚಿಸುವ ಎಂಬೊಲೈಸೇಷನ್ ಮಾಡಿಸಬೇಕಾಗುತ್ತದೆ. ನೀವು ಅದನ್ನು ಸಿಸ್ಟ್‌ಗಳ ಸಾಲಲ್ಲಿ ಕೂರಿಸಿದ್ದೀರಿ.

ಆಡಿಟ್_ಅಕ್ಕ

ನಾವು ಕೂರಿಸಿದ್ದಲ್ಲ ಸರ್. ಐಸಿಡಿ-10 ಬರೆದಾಗ ಆ ಜೀನ್ ವಿಷಯ ಯಾರಿಗೂ ಗೊತ್ತಿರಲಿಲ್ಲ. ವಿಜ್ಞಾನ ಮುಂದೆ ಹೋಗಿದೆ, ಪುಸ್ತಕದ ಸಾಲು ಅಲ್ಲೇ ಇದೆ. ಅದು ಬದಲಾಗುವವರೆಗೆ ಎಂ85.5 ಅಂತಲೇ ಹಾಕಬೇಕು, ನಮ್ಮ ಅಭಿಪ್ರಾಯ ಏನೇ ಇರಲಿ. ಮುಂದಿನ ಆವೃತ್ತಿ ಐಸಿಡಿ-11ರಲ್ಲಿ ಯೋಚನೆಯ ದಾರಿ ಬೇರೆ. ಅಲ್ಲಿ ಬಿನೈನ್ ಮೂಳೆ ಗಡ್ಡೆಗೆ ಮೊದಲು ಜಾತಿ ನೋಡುತ್ತಾರೆ: ಕಾರ್ಟಿಲೇಜ್ ಮೂಲದ್ದು 2ಇ82, ಮೂಳೆ ಮೂಲದ್ದು 2ಇ83. ಜಾಗ ಹೇಳಲು ಬೇರೆ ಎಕ್ಸ್‌ಟೆನ್ಶನ್ ಕೋಡ್ ಸೇರಿಸುತ್ತಾರೆ. ಅದು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅಮೆರಿಕದ ಕ್ಲೇಮ್‌ಗಳು ಇನ್ನೂ 10ರಲ್ಲೇ ಇವೆ.

ಡಾಲಸ್_ಕನ್ನಡತಿ

ನಾನು ಇಲ್ಲಿ ಟೆಕ್ಸಸ್‌ನಲ್ಲಿ ಆಂಕಾಲಜಿ (ಕ್ಯಾನ್ಸರ್ ವಿಭಾಗ) ಬಿಲ್ಲಿಂಗ್ ನೋಡುತ್ತೇನೆ. ನೀವು ಅಲ್ಲಿ ಹಾಕುವ ಒಂದು ಅಕ್ಷರ ಇಲ್ಲಿ ಹೇಗೆ ಬಂದು ಬೀಳುತ್ತದೆ ಅಂತ ಹೇಳುತ್ತೇನೆ.

ಸೇಕ್ರಂನ ಜೈಂಟ್ ಸೆಲ್ ಟ್ಯೂಮರ್. ಡಾಕ್ಟರು ನೋಟ್‌ನಲ್ಲಿ "ಬಿನೈನ್ ಬಟ್ ಲೋಕಲಿ ಅಗ್ರೆಸಿವ್" ಅಂತ ಬರೆದಿರುತ್ತಾರೆ. ಅದು ತಪ್ಪೇನಲ್ಲ, ಎಲ್ಲರೂ ಹಾಗೇ ಅನ್ನುತ್ತಾರೆ. ಕೋಡ್ ಮಾಡಿದವರು ಬಿನೈನ್ ಅನ್ನೋ ಪದ ನೋಡಿ, ಸೇಕ್ರಂ ನೋಡಿ, ಡಿ16.8 ಹಾಕಿ ಕಳಿಸಿದ್ದರು. ಔಷಧಿ ಡೆನೋಸುಮ್ಯಾಬ್, 120 ಮಿ.ಗ್ರಾಂ. ಇಂಜೆಕ್ಷನ್, ಬಿಲ್ಲಿಂಗ್ ಕೋಡ್ ಜೆ0897. ಸೇಕ್ರಂನಂಥ ಜಾಗದಲ್ಲಿ ಆಪರೇಷನ್ ಮಾಡಿದರೆ ನರಕ್ಕೆ ಪೆಟ್ಟು ಬೀಳುತ್ತದೆ, ಮೂತ್ರದ ಹಿಡಿತವೇ ಹೋಗಬಹುದು, ಹಾಗಾಗಿ ಈ ಔಷಧಿ ಬೇಕಾಗುತ್ತದೆ. ಅಮೆರಿಕದ ಎಫ್‌ಡಿಎ 2013ರಲ್ಲಿ ಇದೇ ಗಡ್ಡೆಗೆ ಅದನ್ನು ಒಪ್ಪಿಕೊಂಡಿದೆ.

ಕ್ಲೇಮ್ ಡಿನೈ ಆಯಿತು. ಇನ್ಶೂರೆನ್ಸ್‌ನವರ ಪಾಲಿಸಿಯಲ್ಲಿ ಈ ಔಷಧಿಗೆ ಇದ್ದ ಕೋಡುಗಳ ಪೈಕಿ ಡಿ48.0 ಇತ್ತು, ಡಿ16.8 ಇರಲಿಲ್ಲ. ಇಂಡೆಕ್ಸ್‌ನಲ್ಲಿ ಟ್ಯೂಮರ್, ಜೈಂಟ್ ಸೆಲ್, ಬೋನ್ ನೋಡಿದರೆ ಡಿ48.0 ಅಂತಲೇ ಇದೆ. ಗಡ್ಡೆಯ ಹೆಸರು ಗೊತ್ತಿದ್ದರೆ ಮೊದಲು ಆ ಹೆಸರನ್ನು ಇಂಡೆಕ್ಸ್‌ನಲ್ಲಿ ಹುಡುಕಬೇಕು. ಸೀದಾ ಟೇಬಲ್‌ಗೆ ಹೋಗಿ ಬಿನೈನ್ ಕಾಲಂನಲ್ಲಿ ಬೆರಳಿಟ್ಟರೆ ಹೀಗಾಗುತ್ತದೆ. ಕೋಡ್ ತಿದ್ದಿ, ಪೆಥಾಲಜಿ ರಿಪೋರ್ಟ್ ಜೋಡಿಸಿ ಮತ್ತೆ ಕಳಿಸಿದ ಮೇಲೆ ಪಾಸಾಯಿತು. ಅಷ್ಟರೊಳಗೆ ಆ ರೋಗಿಯ ಗಂಡ ನನಗೆ ಎಷ್ಟು ಸಲ ಫೋನ್ ಮಾಡಿದರೋ.

ನೈಟ್‌ಶಿಫ್ಟ್_ಗೌಡ

ಹಾಗಾದರೆ ಮೂಲ ಚಾರ್ಟಲ್ಲಿದ್ದ ಎರಡೂ ಅನುಮಾನ, ಸಿಸ್ಟ್ ಮತ್ತು ಜೈಂಟ್ ಸೆಲ್, ಯಾವುದೇ ನಿಜವಾದರೂ ಡಿ16.8 ಬರುತ್ತಿರಲಿಲ್ಲ! ಒಂದಕ್ಕೆ ಎಂ85.5, ಇನ್ನೊಂದಕ್ಕೆ ಡಿ48.0. ಸೀನಿಯರ್‌ಗೆ ಇದನ್ನು ಹೇಳಿ ಒಂದು ಟೀ ಕುಡಿಸಿ.

ಡಾಲಸ್_ಕನ್ನಡತಿ

ಅದೇ ಮಾತು ಗೌಡ್ರೇ. ನಾನು ಹೇಳಬೇಕು ಅಂತಿದ್ದೆ, ನೀವು ಹೇಳಿಬಿಟ್ಟಿರಿ.

ಎಂಆರ್‌ಡಿ_ಮಂಜ

ನಮ್ಮದು ಇಲ್ಲೇ, ಊರಿನ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್. ನಾವು ಬಳಸೋದು ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10, ಅಮೆರಿಕದ ಸಿಎಂ ಅಲ್ಲ. ಡಿ16.8 ಎರಡರಲ್ಲೂ ಒಂದೇ. ಎಂ ಅಧ್ಯಾಯದಲ್ಲಿ ವ್ಯತ್ಯಾಸ ಇದೆ. ನಮ್ಮ ಪುಸ್ತಕದಲ್ಲಿ ಜಾಗದ ಅಂಕಿ 5 ಅಂದರೆ "ಪೆಲ್ವಿಕ್ ಪ್ರದೇಶ ಮತ್ತು ತೊಡೆ", ಎರಡೂ ಒಟ್ಟಿಗೆ. ಸಿಎಂನಲ್ಲಿ ಎಂ85.5ರ ಕೆಳಗೆ ಅದನ್ನು ಬರೀ ತೊಡೆ ಅಂತ ಮಾಡಿಬಿಟ್ಟಿದ್ದಾರೆ. ಇಲ್ಲಿ ಕಲಿತು ಅಲ್ಲಿನ ಕೆಲಸಕ್ಕೆ ಹೋಗುವ ಹುಡುಗರು ಇದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ನಮ್ಮಲ್ಲಿ ಕೋಡ್ ಎಲ್ಲಿ ಬೇಕಾಗುತ್ತದೆ ಅಂದರೆ, ಖಾಸಗಿ ಇನ್ಶೂರೆನ್ಸ್ ಕ್ಲೇಮ್ ಫಾರಂನ ಪಾರ್ಟ್ ಬಿ, ಅಂದರೆ ಆಸ್ಪತ್ರೆ ತುಂಬುವ ಭಾಗ. ಅದರಲ್ಲಿ ಐಸಿಡಿ-10 ಪ್ರೈಮರಿ ಡಯಾಗ್ನೋಸಿಸ್ ಅಂತ ಮನೆ ಇದೆ. ಎಷ್ಟೋ ಕಡೆ ಬಿಲ್ಲಿಂಗ್ ಕೌಂಟರಿನ ಹುಡುಗ ಗೂಗಲ್ ನೋಡಿ ತುಂಬುತ್ತಾನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಯ ಪ್ಯಾಕೇಜ್ ಲೆಕ್ಕ, ಹಾಗಾಗಿ ಅಲ್ಲಿ ಡಯಾಗ್ನೋಸಿಸ್ ಕೋಡಿನ ಬಗ್ಗೆ ಯಾರೂ ನಮ್ಮಷ್ಟು ತಲೆ ಕೆಡಿಸಿಕೊಳ್ಳಲ್ಲ. ನಿಮ್ಮ ಚರ್ಚೆ ಓದಿ ಹೊಟ್ಟೆ ಉರಿಯಿತು, ಒಂದು ಕೋಡಿಗೆ ಇಷ್ಟು ಜನ!

ಇನ್ನೊಂದು ಪ್ರಶ್ನೆ. ಅಡ್ಮಿಟ್ ಆದ ರೋಗಿಗೆ ಡಿಸ್ಚಾರ್ಜ್ ಸಮ್ಮರಿಯಲ್ಲಿ "ಪ್ರಾಬಬಲ್ ಆಸ್ಟಿಯೋಕಾಂಡ್ರೋಮಾ" ಅಂತಿದ್ದರೆ ಅಮೆರಿಕದ ನಿಯಮ ಏನು?

ಆಡಿಟ್_ಅಕ್ಕ

ಇನ್‌ಪೇಷಂಟ್ ಆದರೆ ತಿರುವುಮುರುವು. ಸೆಕ್ಷನ್ 2, ಎಚ್. ಡಿಸ್ಚಾರ್ಜ್ ಹೊತ್ತಿಗೂ ಪ್ರಾಬಬಲ್ ಅಂತಲೇ ಇದ್ದರೆ ಇದೆ ಅಂತಲೇ ಕೋಡ್ ಮಾಡಬೇಕು. ಆಗ ಡಿ16.8 ಬರುತ್ತದೆ. ಆದರೆ ಇನ್‌ಪೇಷಂಟ್‌ನಲ್ಲಿ ಪೆಥಾಲಜಿ ರಿಪೋರ್ಟ್ ಒಂದನ್ನೇ ಹಿಡಿದು ಕೋಡ್ ಮಾಡುವಂತಿಲ್ಲ. ರೋಗಿಯನ್ನು ನೋಡುವ ಡಾಕ್ಟರು ಅದನ್ನು ತಮ್ಮ ನೋಟ್‌ನಲ್ಲಿ ಒಪ್ಪಿರಬೇಕು, ಇಲ್ಲದಿದ್ದರೆ ಅವರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಿ. ಔಟ್‌ಪೇಷಂಟ್‌ನಲ್ಲಿ ಪೆಥಾಲಜಿಸ್ಟ್ ಮಾತು ಸಾಕು.

ಸರ್ಜರಿ_ಟೀಮ್_ಶಿವಮೊಗ್ಗ

ಆಪರೇಷನ್ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಸಿಪಿಟಿಯಲ್ಲಿ (ಆಪರೇಷನ್, ಚಿಕಿತ್ಸೆಗಳ ಕೋಡ್ ಪಟ್ಟಿ) 27065, 27066, 27067 ಮೂರನ್ನೂ ಒಟ್ಟಿಗೆ ಓದಿ. ಮೂರೂ "ಬೋನ್ ಸಿಸ್ಟ್ ಅಥವಾ ಬಿನೈನ್ ಟ್ಯೂಮರ್" ತೆಗೆಯುವುದಕ್ಕೆ. ಹಾಗಾಗಿ ಡಯಾಗ್ನೋಸಿಸ್ ಎಂ85 ಆದರೂ ಡಿ16.8 ಆದರೂ ಇವೇ ನಡೆಯುತ್ತವೆ. ಆದರೆ ಜಾಗ ಮೂರೇ: ಇಲಿಯಂನ ವಿಂಗ್, ಸಿಂಫಿಸಿಸ್ ಪ್ಯೂಬಿಸ್, ಫೀಮರ್‌ನ ಗ್ರೇಟರ್ ಟ್ರೊಕ್ಯಾಂಟರ್. ಮೇಲುಮೇಲಿನದ್ದಾದರೆ 65, ಫೇಶಿಯಾದ (ಸ್ನಾಯುವಿನ ಹೊದಿಕೆ) ಕೆಳಗೆ ಹೋದರೆ 66, ಬೇರೆ ಕಡೆ ಕೊಯ್ದು ಅಲ್ಲಿಂದ ಮೂಳೆ ತಂದು ತುಂಬಿದ್ದರೆ 67. ಗ್ರಾಫ್ಟ್‌ಗೆ ಬೇರೆ ಇನ್ಸಿಷನ್ ಅಂತ ಆಪ್ ನೋಟ್‌ನಲ್ಲಿ (ಆಪರೇಷನ್ ವರದಿ) ಇಲ್ಲದಿದ್ದರೆ 67 ಕೊಡಬೇಡಿ. ಬ್ಯಾಂಕಿನಿಂದ ತಂದ ಮೂಳೆಗೂ 67 ಅಲ್ಲ.

ಇಶಿಯಂ ಆ ಸಾಲಿನಲ್ಲಿ ಇಲ್ಲ ಅನ್ನೋದನ್ನು ಗಮನಿಸಿ. ಬೇರೆ ಯಾವ ಕೋಡೂ ಹೊಂದದಿದ್ದರೆ ಪೆಲ್ವಿಸ್‌ನ ಅನ್‌ಲಿಸ್ಟೆಡ್ ಕೋಡ್ 27299ಕ್ಕೆ ಹೋಗಬೇಕಾಗುತ್ತದೆ, ಜೊತೆಗೆ ಆಪ್ ನೋಟ್ ಕಳಿಸಬೇಕು. ಆಸ್ಟಿಯಾಯ್ಡ್ ಆಸ್ಟಿಯೋಮಾವನ್ನು ಸೂಜಿ ತೂರಿಸಿ ರೇಡಿಯೋಫ್ರೀಕ್ವೆನ್ಸಿಯಲ್ಲಿ ಸುಟ್ಟಿದ್ದರೆ 20982. ಅದರಲ್ಲಿ ಇಮೇಜಿಂಗ್ ಸೇರಿದೆ, ಸಿಟಿ ಗೈಡೆನ್ಸ್ ಬೇರೆ ಬಿಲ್ ಮಾಡಬೇಡಿ.

ಮೂಳೆ ಮುರಿದು ಬಂದವರ ವಿಷಯ. ಗಡ್ಡೆಯಿಂದ ಪೆಲ್ವಿಸ್ ಮುರಿದಿದ್ದರೆ ಎಂ84.550, ಏಳನೇ ಅಕ್ಷರ ಸೇರಿಸಿ, ಜೊತೆಗೆ ಗಡ್ಡೆಯ ಕೋಡ್. ಚಿಕಿತ್ಸೆ ಮುರಿತಕ್ಕಾದರೆ ಎಂ84.5 ಮೊದಲು, ಗಡ್ಡೆಗಾದರೆ ಗಡ್ಡೆ ಮೊದಲು. ಆದರೆ ಕಾರಣ ಅನ್ಯೂರಿಸ್ಮಲ್ ಸಿಸ್ಟ್ ಆದರೆ? ಅದು ನಿಯೋಪ್ಲಾಸಂ ಅಧ್ಯಾಯದಲ್ಲಿ ಇಲ್ಲ. ಆಗ ಎಂ84.650, ಅಂದರೆ "ಬೇರೆ ರೋಗದಿಂದ ಆದ ಮುರಿತ". ಡಾಕ್ಟರ್ ಸಾಹೇಬರು ಹೇಳಿದ ಜೀನ್ ಕಥೆ ಇಲ್ಲಿಗೂ ಬಂದು ಮುಟ್ಟುತ್ತದೆ.

ಮೂಳೆವೈದ್ಯ_ಹುಬ್ಬಳ್ಳಿ

ಆಯ್ತು, ಸೋತೆ. ಇನ್ನು ಮುಂದೆ ನನ್ನ ನೋಟ್‌ನಲ್ಲಿ "ಬೋನ್ ಲೀಷನ್ ಪೆಲ್ವಿಸ್" ಅಂತ ಬರೆದು ಕೈ ತೊಳೆದುಕೊಳ್ಳುವುದಿಲ್ಲ. ಹೆಸರು, ಯಾವ ಮೂಳೆ, ಎಡವೋ ಬಲವೋ, ಪೆಥಾಲಜಿ ಬಂದಿದೆಯೋ ಇಲ್ಲವೋ, ನಾಲ್ಕೂ ಬರೆಯುತ್ತೇನೆ. ತಂಗಿ ಖುಷಿ ಪಡುತ್ತಾಳೆ.

ಹೊಸಬಳು_ತುಮಕೂರು

ಅಪ್‌ಡೇಟ್. ಅದೇ ರೋಗಿಯ ಬಯಾಪ್ಸಿ ಚಾರ್ಟ್ ಇವತ್ತು ನನ್ನ ಕ್ಯೂಗೇ ಬಂತು! ಔಟ್‌ಪೇಷಂಟ್, ಸಿಟಿ ಗೈಡೆನ್ಸ್‌ನಲ್ಲಿ ಆಳದ ನೀಡಲ್ ಬಯಾಪ್ಸಿ. ಪೆಥಾಲಜಿ: "ಅನ್ಯೂರಿಸ್ಮಲ್ ಬೋನ್ ಸಿಸ್ಟ್." ಇರಬಹುದು ಗಿರಬಹುದು ಏನೂ ಇಲ್ಲ, ಸೀದಾ ಹಾಗೇ ಇದೆ. ಬಯಾಪ್ಸಿಯ ಸಿಪಿಟಿ ಕೋಡ್ 20225ಕ್ಕೆ ಎಂ85.58 (ಅನ್ಯೂರಿಸ್ಮಲ್ ಸಿಸ್ಟ್, ಅದರ್ ಸೈಟ್) ಹಾಕಿದ್ದೇನೆ. ತೊಡೆ ಅಂತ ಇರುವ ಎಂ85.551 ಹಾಕಲಿಕ್ಕೆ ಕೈ ಹೋಗಿತ್ತು, ಮಂಜಣ್ಣನ ಮಾತು ನೆನಪಾಗಿ ನಿಂತೆ. ಹಳೆಯ ಸಿಟಿ ಚಾರ್ಟನ್ನೂ ಈಗ ತಿದ್ದಬೇಕಾ?

ಆಡಿಟ್_ಅಕ್ಕ

ಎಂ85.58 ಸರಿ. ಒಂದು ತಮಾಷೆ ಗೊತ್ತಾ, ಇದೇ ಸಾಲಿಟರಿ ಬೋನ್ ಸಿಸ್ಟ್ ಆಗಿದ್ದರೆ ಎಂ85.451 ಇರುತ್ತಿತ್ತು. ಅಲ್ಲಿ ಪೆಲ್ವಿಸ್ ಅಂತಲೇ ಇದೆ, ಬಲ ಎಡವೂ ಇದೆ. ಎರಡೂ ಅಕ್ಕಪಕ್ಕದ ಸಾಲು, ಆದರೂ ಜಾಗದ ಪಟ್ಟಿ ಒಂದೇ ಥರ ಇಲ್ಲ. ಯಾಕೆ ಅಂತ ಕೇಳಬೇಡಿ.

ಹಳೆಯ ಸಿಟಿಯನ್ನು ಮುಟ್ಟಬೇಡಿ. ಆ ದಿನ ಗೊತ್ತಿದ್ದಷ್ಟು ಆ ದಿನದ ಕೋಡ್. ಕ್ಯೂಎ ಎರರ್ ತಿದ್ದಿ ಎಂ89.8ಎಕ್ಸ್8 ಮತ್ತು ಎಂ25.551 ಮಾಡಿ ಕಳಿಸಿದ್ದರೆ ಅದು ಮುಗಿಯಿತು. ಕೋಡ್ ಮಾಡುವ ಹೊತ್ತಿಗೇ ಪೆಥಾಲಜಿ ಕೈಯಲ್ಲಿದ್ದರೆ ಮಾತ್ರ ಆಯಾ ಚಾರ್ಟಿಗೆ ಬಳಸುತ್ತೇವೆ, ಬಯಾಪ್ಸಿಯಲ್ಲಿ ಆದಂತೆ.

ಹೊಸಬಳು_ತುಮಕೂರು

ಕೊನೆಯ ಪ್ರಶ್ನೆ ಅಕ್ಕ, ಬೈಬೇಡಿ. ಆಪರೇಷನ್ ಆಗಿ ವಾಸಿಯಾದ ಮೇಲೆ ಅವರು ವರ್ಷಕ್ಕೊಮ್ಮೆ ಚೆಕಪ್ಪಿಗೆ ಬರುತ್ತಾರಲ್ಲ. ಆಗಲೂ ಎಂ85.58 ತಾನೇ?

ಆಡಿಟ್_ಅಕ್ಕ

ಅಲ್ಲ. ಗಡ್ಡೆ ತೆಗೆದಾಗಿದೆ, ಚಿಕಿತ್ಸೆ ಮುಗಿದಿದೆ, ಸ್ಕ್ಯಾನಲ್ಲಿ ಏನೂ ಇಲ್ಲ ಅಂದರೆ ಝಡ್09 (ಚಿಕಿತ್ಸೆ ಮುಗಿದ ಮೇಲಿನ ತಪಾಸಣೆ) ಮೊದಲು, ಆಮೇಲೆ ಹಿಸ್ಟರಿ ಕೋಡ್. ಡಿ16.8 ಗಡ್ಡೆ ತೆಗೆಸಿಕೊಂಡವರಿಗೆ ಝಡ್86.018. ನಿಮ್ಮ ರೋಗಿಯದ್ದು ಎಂ ಅಧ್ಯಾಯದ್ದು, ಹಾಗಾಗಿ ಝಡ್87.39. ಅನ್ಯೂರಿಸ್ಮಲ್ ಸಿಸ್ಟ್ ಮರುಕಳಿಸುವುದು ಉಂಟು. ಮತ್ತೆ ಬಂದಿದೆ ಅಂತ ಡಾಕ್ಟರು ಬರೆದರೆ ಝಡ್ ಎರಡನ್ನೂ ತೆಗೆದು ಎಂ85.58ಕ್ಕೆ ವಾಪಸ್.

ನೈಟ್‌ಶಿಫ್ಟ್_ಗೌಡ

ಅಡ್ಮಿನ್, ಇದನ್ನು ಪಿನ್ ಮಾಡಿ. ಅಕ್ಟೋಬರ್ 1ಕ್ಕೆ ಹೊಸ ಕೋಡ್ ಪುಸ್ತಕ ಜಾರಿಗೆ ಬಂದಾಗ ಎಂ85.5 ಸಾಲನ್ನು ಯಾರಾದರೂ ಒಮ್ಮೆ ನೋಡಿ ಇಲ್ಲೇ ಹಾಕಿ.